ಮೂರೂ ಕಪ್ಪು ವೈರು

ಸಂಜೆ ಐದೂವರೆಗೆ ಹಿಡಿದ ಮಳೆ ಆರೂವರೆಯಾದರೂ ಬಿಟ್ಟಿರಲಿಲ್ಲ. ತುಮಕೂರಿನ ಬಟವಾಡಿಯ ಹೆದ್ದಾರಿ ಪಕ್ಕದ ರಸ್ತೆ ಹಳ್ಳದಂತೆ ಹರಿಯುತ್ತಿತ್ತು. ಕರೆಂಟು ಹೋಗಿ ಮುಕ್ಕಾಲು ಗಂಟೆಯಾಗಿತ್ತು. ಊರಿಗೆಲ್ಲ ಬಲ್ಬು ಮಾರುವ ಮಂಜುಳಮ್ಮನ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಒಂದೇ ಒಂದು ಮೇಣದಬತ್ತಿ ಉರಿಯುತ್ತಿತ್ತು. ಅದರ ಸುತ್ತ ಮಳೆಗೆ ಸಿಕ್ಕಿಕೊಂಡವರು: ಮಂಜುಳಮ್ಮ, ಆಟೋ ನಿಲ್ಲಿಸಿ ಒಳಗೆ ಬಂದ ರಂಗರಾಜು, ಸದಾಶಿವನಗರದ ತನ್ನ ಮನೆಗೆ ಹೊಸ ಲೈಟು ಕೊಳ್ಳಲು ಬಂದಿದ್ದ ಕಾವ್ಯ ಎಂಬ ಬ್ಯಾಂಕಿನ ಹುಡುಗಿ, ಮತ್ತು ಮೂಲೆಯಲ್ಲಿ ವೈರಿನ ಸುರುಳಿಗಳ ಪಕ್ಕ ಕುರ್ಚಿ ಹಾಕಿಕೊಂಡು ಕೂತ ಓಬಳಯ್ಯನವರು.

ಓಬಳಯ್ಯನವರಿಗೆ ಅರವತ್ತೊಂಬತ್ತು. ಗುಬ್ಬಿಯವರು. ಹುಡುಗುತನದಿಂದ ಮನೆಗಳಿಗೆ ವೈರು ಎಳೆದೇ ಬದುಕಿದವರು. ಈ ಅಂಗಡಿಗೆ ಅವರು ಬಂದರೆ ಸಾಮಾನು ಕೊಳ್ಳುವುದು ಕಡಿಮೆ, ಮಾತು ಹೆಚ್ಚು.

ಕಾವ್ಯ ಮಂಜುಳಮ್ಮನನ್ನು ಕೇಳುತ್ತಿದ್ದಳು. ಹಾಲಿನ ಹಳೇ ಲೈಟು ಬಿಚ್ಚಿ ಹೊಸದನ್ನು ತಾನೇ ಹಾಕಿಕೊಳ್ಳುತ್ತಾಳಂತೆ, ಮೊಬೈಲಿನಲ್ಲಿ ವಿಡಿಯೊ ನೋಡಿದ್ದಾಳಂತೆ, ಯಾವ ವೈರು ಯಾವುದಕ್ಕೆ ಅನ್ನೋದು ಒಂದು ಗೊತ್ತಾದರೆ ಆಯಿತಂತೆ. ಕೊನೆಗೆ, "ಸ್ವಿಚ್ ಆಫ್ ಮಾಡ್ಕೊಂಡ್ರೆ ಸಾಕಲ್ವಾ ಆಂಟಿ?" ಅಂದಳು.

ಮಂಜುಳಮ್ಮ ಬಾಯಿ ತೆರೆಯುವ ಮೊದಲೇ ಮೂಲೆಯಿಂದ ದನಿ ಬಂತು.

"ಇದೇ ಮಾತ ಒಬ್ಬ ಹೇಳ್ದ ಕಣವ್ವ. ಸ್ವಿಚ್ ಆಫ್ ಮಾಡ್ಕೊಂಡ್ರೆ ಸಾಕು ಅಂತ. ಆ ಮಾತಿಗೆ ಒಂದು ಜೀವ ಹೋಯ್ತು... ಹೋಯ್ತು ಅಂತೀನಿ, ಪೂರಾ ಹೋಗ್ಲಿಲ್ಲ. ಮಳೆ ನಿಲ್ಲೋ ಹಂಗಿಲ್ಲ. ಕೂತ್ಕೊ, ಹೇಳ್ತೀನಿ."

ಕಾವ್ಯ ಲೈಟಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ರಂಗರಾಜು ಬಾಗಿಲ ಕಡೆಯಿಂದ ಒಳಗೆ ಸರಿದ. ಓಬಳಯ್ಯನವರು ಅಂದು ಹೇಳಿದ ಕತೆ ಇದು.

ಗುಬ್ಬಿಯಲ್ಲಿ ಹನುಮಂತರಾಜು ಅಂತ ಒಬ್ಬ ವೈರ್‌ಮನ್ ಇದ್ದ. ಓಬಳಯ್ಯನವರ ಕೈಕೆಳಗೇ ಕೆಲಸ ಕಲಿತವನು. ಅವನು ಕೂರಿಸಿದ ಸ್ವಿಚ್ ಬೋರ್ಡು ಗೆರೆ ಎಳೆದಂತೆ ನೆಟ್ಟಗಿರುತ್ತಿತ್ತು, ಗೋಡೆಯಲ್ಲಿ ಪೈಪು ಕೂರಿಸಲು ಜಾಡು ಕೊರೆದರೆ ಒಂದು ಹೆಂಟೆ ಹೆಚ್ಚಿಗೆ ಬೀಳುತ್ತಿರಲಿಲ್ಲ. ಅವನಲ್ಲಿದ್ದ ಊನ ಒಂದೇ. ಇವತ್ತು ಆಗುವುದಿಲ್ಲ ಅನ್ನುವ ಮಾತು ಅವನ ಬಾಯಲ್ಲಿ ಬರುತ್ತಿರಲಿಲ್ಲ. ಯಾರು ಕೇಳಿದರೂ ಆಗಲಿ ಅನ್ನುವನು, ಅಂದಮೇಲೆ ಹೇಗೋ ಮಾಡಿ ಮುಗಿಸುವನು.

ಹದಿನಾಲ್ಕು ವರ್ಷದ ಹಿಂದೆ ಅವನು ಕುಣಿಗಲ್‌ನಲ್ಲಿ ಚನ್ನೇಶ್ ಎಂಬ ಟೈಲರ್‌ನ ಮನೆಗೆ ವೈರಿಂಗ್ ಮಾಡುತ್ತಿದ್ದ. ಕೆರೆಯ ಕಡೆ ಹೋಗುವ ದಾರಿಯಲ್ಲಿ ಎರಡು ರೂಮು, ಒಂದು ಹಾಲು. ಬೆಳಗಾದರೆ ಗೃಹಪ್ರವೇಶ. ಚಪ್ಪರ ಹಾಕಿಯಾಗಿದೆ, ಅಡುಗೆಯವರು ಒಲೆ ಹೂಡಿದ್ದಾರೆ, ನೆಂಟರು ಬಸ್ಸಿಂದ ಇಳಿದು ಬರುತ್ತಿದ್ದಾರೆ, ಹಾಲಿಗೆ ಇನ್ನೂ ವೈರು ಎಳೆದಿಲ್ಲ, ಅಂಥ ಹೊತ್ತಿನಲ್ಲಿ ಕೆಂಪು ವೈರು ಮುಗಿದುಹೋಯಿತು. ಅಂದು ಭಾನುವಾರ, ಅಂಗಡಿ ಮುಚ್ಚಿತ್ತು. ಕೈಯಲ್ಲಿ ಇದ್ದದ್ದು ಕಪ್ಪು ಸುರುಳಿ ಮಾತ್ರ. ಕರೆಂಟಿಗೇನು ಬಣ್ಣ ಗೊತ್ತಾಗುತ್ತದೆಯೇ ಅಂದುಕೊಂಡು ಹನುಮಂತರಾಜು ಹಾಲಿನ ಪೈಪಿಗೆ ಪೂರಾ ಕಪ್ಪನ್ನೇ ತೂರಿಸಿದ. ಮೇಲೆ ಲೈಟಿನ ಜಾಗದಲ್ಲಿ ಮೂರು ಕಪ್ಪು ತುದಿ ಹೊರಗೆ ಬಂದವು. ಕೆಳಗೆ ಬೋರ್ಡಿನಲ್ಲೂ ಕಪ್ಪೇ. ಯಾವುದು ಎಲ್ಲಿಂದ ಬಂದದ್ದು ಅಂತ ಒಂದೊಂದನ್ನೇ ನೋಡಿ ಗುರುತು ಹಾಕಬೇಕಿತ್ತು, ಅದಕ್ಕೆ ಅರ್ಧ ಗಂಟೆ ಬೇಕಿತ್ತು. ಅವನು ಕೈಗೆ ಸಿಕ್ಕ ತುದಿಯನ್ನು ಸ್ವಿಚ್ಚಿಗೆ ಕಟ್ಟಿದ, ಒತ್ತಿದ, ಟ್ಯೂಬ್‌ಲೈಟು ಹತ್ತಿತು. ನೆಂಟರೆಲ್ಲ ಮೇಲೆ ನೋಡಿದರು. ಮುಂದಿನ ವಾರ ಬಂದು ಸರಿ ಮಾಡುತ್ತೇನೆ ಅಂತ ತನಗೆ ತಾನೇ ಹೇಳಿಕೊಂಡು ಅವನು ಸಾಮಾನು ಕಟ್ಟಿಕೊಂಡ. ಆ ಮುಂದಿನ ವಾರ ಬರಲೇ ಇಲ್ಲ.

ಓಬಳಯ್ಯನವರು ಇಲ್ಲಿ ನಿಲ್ಲಿಸಿ ಕಾವ್ಯಳ ಕಡೆ ತಿರುಗಿದರು.

"ನೀನು ಕೇಳಿದ್ಯಲ್ಲವ್ವ, ಅದುನ್ನೇ ಹೇಳ್ತೀನಿ ಕೇಳು. ಕರೆಂಟು ಒಂದು ವೈರಲ್ಲಿ ಬರ್ತೈತೆ, ಇನ್ನೊಂದ್ರಲ್ಲಿ ವಾಪಸ್ ಹೋಗ್ತೈತೆ. ಬರೋದಕ್ಕೆ ಕೆಂಪು, ಹೋಗೋದಕ್ಕೆ ಕಪ್ಪು. ಮೂರನೇದು ನೆಲಕ್ಕಿಳಿಯೋ ಅರ್ಥಿಂಗು. ಸ್ವಿಚ್ಚು ಯಾವತ್ತೂ ಬರೋ ವೈರನ್ನ ತಡೀಬೇಕು. ಹೋಗೋ ವೈರನ್ನ ತಡೆದ್ರೂ ಲೈಟು ಆರ್ತೈತೆ... ಆದ್ರೆ ಬಂದಿದ್ ಕರೆಂಟು ಮೇಲೇ ಕಾಯ್ಕಂಡು ಕೂತಿರ್ತೈತೆ. ಕೆಳಗೆ ನಿಂತೋರ್ಗೆ ಏನ್ ಗೊತ್ತಾಗ್ತೈತೆ? ಲೈಟ್ ಆರೈತೆ, ಅಷ್ಟೇ. ಹನುಮಂತರಾಜು ಕಟ್ಟಿದ್ದು ಹೋಗೋ ವೈರಿಗೆ."

ಎಂಟು ವರ್ಷ ಏನೂ ಆಗಲಿಲ್ಲ. ಅಷ್ಟು ಹೊತ್ತಿಗೆ ಚನ್ನೇಶ್‌ಗೆ ಕಣ್ಣು ಮಂದವಾಗುತ್ತ ಬಂದಿತ್ತು. ಅಂಗಡಿಯಲ್ಲಿ ಮುಗಿಯದ ಬಟ್ಟೆಯನ್ನು ಮನೆಗೆ ತಂದು ಹಾಲಿನಲ್ಲಿ ಹೊಲಿಯುವನು, ಹಳೇ ಟ್ಯೂಬಿನ ಬೆಳಕು ಸಾಲದೆ ಸೂಜಿಗೆ ದಾರ ಪೋಣಿಸಲು ಹೆಂಡತಿಯನ್ನು ಕರೆಯುವನು. ಒಂದು ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಹೊಸ ಎಲ್‌ಇಡಿ ಪಟ್ಟಿಯನ್ನು ತಂದು, ಕಬ್ಬಿಣದ ಸ್ಟೂಲು ಎಳೆದು ಹತ್ತಿದ. ಹೆಂಡತಿ ಉಮಾಮಹೇಶ್ವರಿ ಆಗಷ್ಟೇ ನೆಲ ಒರೆಸಿದ್ದಳು, ಇನ್ನೂ ಆರಿರಲಿಲ್ಲ. ಅವನು ಮೇಲಿನ ಮುಚ್ಚಳ ಬಿಚ್ಚಿ ನೋಡಿದ. ವೈರು ಮೂರು. ಮೂರೂ ಕಪ್ಪು.

ಅವನು ಹುಂಬನಲ್ಲ. ಕೈ ಹಾಕಲಿಲ್ಲ. ಸ್ಟೂಲಿನ ಮೇಲೆ ನಿಂತೇ ಜೇಬಿನಿಂದ ಮೊಬೈಲ್ ತೆಗೆದು, ವೈರಿಂಗ್ ಮಾಡಿದವನಿಗೇ ಫೋನ್ ಮಾಡಿದ.

ಹನುಮಂತರಾಜು ಆಗ ಇಲ್ಲೇ ತುಮಕೂರಿನಲ್ಲಿ ಒಂದು ಮನೆಯಲ್ಲಿ ಏಣಿಯ ಮೇಲಿದ್ದ. ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಹಲೋ ಅಂದ.

"ರಾಜಣ್ಣ, ನಾನು ಕುಣಿಗಲ್ ಚನ್ನೇಶ. ಮೂರೂ ಕಪ್ಪೇ ಅವಲ್ಲಣ್ಣ, ಯಾವುದು ಯಾವುದು?"

ಹನುಮಂತರಾಜುವಿಗೆ ಆ ಭಾನುವಾರ ನೆನಪಾಯಿತು. ಚಪ್ಪರ, ಒಲೆ, ಕಪ್ಪು ಸುರುಳಿ ಎಲ್ಲ ಕಣ್ಣ ಮುಂದೆ ಬಂದವು. ಯಾವುದನ್ನು ಎಲ್ಲಿ ಕಟ್ಟಿದೆ ಅನ್ನುವುದು ಮಾತ್ರ ನೆನಪಾಗಲಿಲ್ಲ. ಇಳಿ, ನಾನು ಬರುವವರೆಗೆ ಮುಟ್ಟಬೇಡ ಅಂದಿದ್ದರೆ ಮುಗಿದುಹೋಗುತ್ತಿತ್ತು... ಆದರೆ ಹಾಗೆ ಅಂದರೆ ತನ್ನ ಕೆಲಸ ತನಗೇ ಗೊತ್ತಿಲ್ಲ ಅಂತ ಒಪ್ಪಿಕೊಂಡಂತೆ. ಅಂದು ಕುಣಿಗಲ್‌ಗೆ ಹೋಗಲು ಪುರುಸೊತ್ತೂ ಇರಲಿಲ್ಲ.

"ಸ್ವಿಚ್ ಆಫ್ ಮಾಡ್ಕೊ ಸಾಕು. ಯಾವುದಾದ್ರೂ ಏನಂತೆ, ಏನೂ ಆಗಲ್ಲ ಬುಡು" ಅಂದ.

ಚನ್ನೇಶ್ ಮೇಲಿಂದಲೇ ಹೆಂಡತಿಗೆ ಹೇಳಿದ, ಆಕೆ ಹೋಗಿ ಸ್ವಿಚ್ ಆಫ್ ಮಾಡಿದಳು. ಅವನು ಎರಡು ವೈರನ್ನು ಒಟ್ಟಿಗೆ ಹಿಡಿದ. ಕೂಗಲೂ ಇಲ್ಲ. ಸ್ಟೂಲಿನ ಸಮೇತ ಒದ್ದೆ ನೆಲಕ್ಕೆ ಬಿದ್ದ.

ಸುದ್ದಿ ತಿಳಿದು ಹನುಮಂತರಾಜು ಮಧ್ಯಾಹ್ನಕ್ಕೆ ಕುಣಿಗಲ್ ಸೇರಿದಾಗ ಹೆಣವನ್ನು ಹಾಲಿನಲ್ಲಿ ಮಲಗಿಸಿದ್ದರು. ನೆರೆಯವರು ಒಬ್ಬೊಬ್ಬರೂ ಒಂದೊಂದು ಹೇಳುತ್ತಿದ್ದರು. ಅವನನ್ನು ಕಂಡೊಡನೆ, ವೈರಿಂಗ್ ಮಾಡಿದವನು ಬಂದ, ಅವನನ್ನೇ ಕೇಳಿ ಅಂದರು. ಎಲ್ಲರೂ ಅವನ ಮುಖ ನೋಡಿದರು. ಅವನು ಮೇಲೆ ನೋಡಿದ. ಮೂರು ಕಪ್ಪು ತುದಿ ಜೋತಾಡುತ್ತಿದ್ದವು. ಒಂದೇ ನೋಟಕ್ಕೆ ಅವನಿಗೆ ಎಲ್ಲ ಅರ್ಥವಾಗಿತ್ತು. ಆದರೂ ಅವನ ಬಾಯಿಂದ ಬಂದ ಮಾತು ಬೇರೆ.

"ಸ್ವಿಚ್ಚು ಸರಿಯಾಗಿ ಆಫ್ ಆಗಿರಲಿಲ್ಲ ಅನ್ಸುತ್ತೆ."

ಆಮೇಲೆ ಯಾರೂ ಅವನ ಮುಖ ನೋಡಲಿಲ್ಲ. ಎಲ್ಲರ ಕಣ್ಣೂ ಉಮಾಮಹೇಶ್ವರಿಯ ಕಡೆ ತಿರುಗಿದವು. ಆಕೆ ತನ್ನ ಬಲಗೈಯ ಹೆಬ್ಬೆರಳನ್ನು ನೋಡಿಕೊಂಡಳು.

"ಇದು ಕೊಲೆಗಿಂತ ಹೆಚ್ಚಲ್ವಾ? ನೀವೇ ಹೇಳಿ" ಅಂದರು ಓಬಳಯ್ಯನವರು.

ತಿಂಗಳೊಪ್ಪತ್ತಿನಲ್ಲಿ ಶುರುವಾಯಿತು. ಗುಬ್ಬಿಯ ಒಂದು ಮನೆಯಲ್ಲಿ ಹನುಮಂತರಾಜು ಲೈಟು ಬದಲಾಯಿಸಲು ಏಣಿ ಹತ್ತಿದ. ಬೆಳಿಗ್ಗೆ ಹನ್ನೊಂದು ಗಂಟೆ, ಕಿಟಕಿಯಿಂದ ಬಿಸಿಲು ಬರುತ್ತಿದೆ. ಮುಚ್ಚಳ ಬಿಚ್ಚಿದ. ಮೂರು ವೈರು, ಮೂರೂ ಕಪ್ಪು. ಆ ಮನೆಗೆ ವೈರು ಎಳೆದವನು ಅವನೇ, ಕೆಂಪು ಹಾಕಿದ್ದು ಚೆನ್ನಾಗಿ ನೆನಪಿದೆ. ಕಣ್ಣುಜ್ಜಿಕೊಂಡು ನೋಡಿದರೂ ಕಪ್ಪೇ. ಇಳಿದು ಹೋಗಿ ಮೇನ್ ಆಫ್ ಮಾಡಿ ಬಂದು ಟೆಸ್ಟರ್ ಇಟ್ಟ. ಟೆಸ್ಟರಿನ ಹೊಟ್ಟೆಯಲ್ಲಿ ಕೆಂಪು ಕಿಡಿ ಹತ್ತಿತು. ಮೀಟರಿನ ಪಕ್ಕದ ಫ್ಯೂಸನ್ನೇ ಕಿತ್ತು ಜೇಬಿಗೆ ಹಾಕಿಕೊಂಡು ಬಂದು ಇಟ್ಟ. ಮತ್ತೆ ಹತ್ತಿತು. ಮನೆಗೆ ಕರೆಂಟೇ ಇಲ್ಲ, ಮೂರು ವೈರಿನಲ್ಲೂ ಕರೆಂಟಿದೆ. ಆಗ ಕಿವಿಯ ಪಕ್ಕದಲ್ಲಿ ಯಾರೋ ಉಸಿರುಬಿಟ್ಟರು. ಕೆಳಗಿನಿಂದಲ್ಲ... ಏಣಿಯ ಪಕ್ಕ ಇನ್ನೊಂದು ಸ್ಟೂಲು ಹಾಕಿಕೊಂಡು ಒಬ್ಬ ನಿಂತಿದ್ದರೆ ಎಲ್ಲಿಂದ ಮಾತಾಡುತ್ತಾನೋ ಅಲ್ಲಿಂದ.

"ರಾಜಣ್ಣ, ಯಾವುದು?"

ಅಂದಿನಿಂದ ಅವನು ಯಾವ ಮನೆಯಲ್ಲಿ ಏಣಿ ಹತ್ತಲಿ, ಮೂರೂ ಕಪ್ಪು. ತಾನೇ ಅಂಗಡಿಯಿಂದ ಕೆಂಪು ಹಳದಿ ನೀಲಿ ತಂದು ಕೈಯಾರೆ ಎಳೆದ ಮನೆಯಲ್ಲೂ, ಹತ್ತಿ ನೋಡಿದರೆ ಕಪ್ಪು. ಒಂದಕ್ಕೆ ಕೆಂಪು ಟೇಪು ಸುತ್ತಿ ಇಳಿದು ಹತ್ತಿದರೆ ಟೇಪು ಇನ್ನೊಂದರ ಮೇಲಿರುತ್ತಿತ್ತು. ಆ ದನಿಯಲ್ಲಿ ಸಿಟ್ಟಿಲ್ಲ, ಶಾಪವಿಲ್ಲ. ಕೆಲಸ ಗೊತ್ತಿದ್ದವನನ್ನು ಗೊತ್ತಿಲ್ಲದವನು ನಂಬಿಕೊಂಡು ಕೇಳುವ ಹಾಗೆ ಕೇಳುತ್ತಿತ್ತು, ಅಷ್ಟೇ. ಬೈದಿದ್ದರೆ ತಡೆದುಕೊಳ್ಳುತ್ತಿದ್ದನೇನೋ. ಈ ನಂಬಿಕೆಯನ್ನು ತಡೆದುಕೊಳ್ಳುವುದು ಹೇಗೆ?

ಕಣ್ಣಿನ ಡಾಕ್ಟರು ನೋಡಿ ಕಣ್ಣು ಸರಿಯಾಗಿದೆ ಅಂದರು. ಮಠಕ್ಕೆ ಹೋಗಿ ವಿಭೂತಿ ತಂದು ಹಚ್ಚಿಕೊಂಡ, ತಾಯತ ಕಟ್ಟಿಸಿಕೊಂಡ. ಬರಬರುತ್ತ ಏಣಿ ಮುಟ್ಟಿದ್ದೇ ಒಪ್ಪಿಕೊಂಡ ಕೆಲಸ ಅರ್ಧಕ್ಕೇ ಬಿಟ್ಟು ಓಡಿಬರತೊಡಗಿದ. ಕೆಲಸಕ್ಕೆ ಕರೆಯುವವರೂ ಇಲ್ಲವಾದರು. ಕೊನೆಗೆ ತನ್ನ ಮನೆಯ ಬಲ್ಬುಗಳನ್ನೆಲ್ಲ ಬಿಚ್ಚಿಟ್ಟು, ಹೆಂಡತಿ ತೇಜಸ್ವಿನಿ ಎಷ್ಟು ಬೇಡಿಕೊಂಡರೂ ಕೇಳದೆ ದೀಪ ಹಚ್ಚಿಕೊಂಡು ಕೂತ. ಸೂರನ್ನು ನೋಡಲಾಗದೆ ನಡೆಯುವಾಗಲೂ ತಲೆ ತಗ್ಗಿಸಿಯೇ ನಡೆಯುವನು. ಹೀಗೆ ನಾಲ್ಕು ವರ್ಷ. ಒಂದು ಬೆಳಿಗ್ಗೆ ಹಗ್ಗ ಕೈಯಲ್ಲಿ ಹಿಡಿದು ಕೂತ. ಆದರೆ ಹಗ್ಗ ಕಟ್ಟಲೂ ಮೇಲೆ ನೋಡಬೇಕಲ್ಲ. ನೋಡಲಾಗಲಿಲ್ಲ. ಹಗ್ಗ ಎಸೆದು ನೇರ ಓಬಳಯ್ಯನವರ ಮನೆಗೆ ಬಂದು, ಜಗಲಿಯ ಮೇಲೆ ಕೂತು, ಇದುವರೆಗೆ ಯಾರಿಗೂ ಹೇಳದಿದ್ದನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದ. ಚನ್ನೇಶನ ಮನೆ ಒಂದೇ ಅಲ್ಲ, ಒಂದು ಸಲ ಲೈಟು ಹತ್ತಿದ್ದೇ ಧೈರ್ಯವಾಗಿ ಅದೂ ಸೇರಿ ಆ ವರ್ಷ ಏಳು ಮನೆಗೆ ಹೀಗೇ ಮಾಡಿದ್ದೆ ಅನ್ನುವುದನ್ನೂ ಹೇಳಿದ.

ಓಬಳಯ್ಯನವರು ಎರಡು ಕೆನ್ನೆಗೂ ಹೊಡೆದರಂತೆ. ಹೊಡೆದು, ಮುಖ ತೊಳೆಸಿ, ಅವನನ್ನು ಕರೆದುಕೊಂಡು ತುಮಕೂರಿಗೆ ಬಂದು ಕುಣಿಗಲ್ ಬಸ್ಸು ಹತ್ತಿದರು.

ಉಮಾಮಹೇಶ್ವರಿ ಆ ಹಾಲಿನಲ್ಲೇ ಕಿಟಕಿಯ ಪಕ್ಕ ಮೆಷಿನ್ ಹಾಕಿಕೊಂಡು ಹೊಲಿಯುತ್ತಿದ್ದಳು. ಗಂಡನ ಕೆಲಸ ಈಗ ಅವಳದು. ಸೂರಿನಿಂದ ಮೂರು ತುದಿ ಹಾಗೇ ಇಳಿಬಿದ್ದಿದ್ದವು, ನಾಲ್ಕು ವರ್ಷ ಅವಳು ಯಾರಿಗೂ ಮುಟ್ಟಗೊಟ್ಟಿರಲಿಲ್ಲ. ಬೆಳಕಿರುವಷ್ಟು ಹೊತ್ತು ಹೊಲಿಗೆ, ಕತ್ತಲಾದರೆ ಇಲ್ಲ. ಗಂಡ ಬಿದ್ದ ಸ್ಟೂಲು ಮೂಲೆಯಲ್ಲಿತ್ತು.

ಹನುಮಂತರಾಜು ಬಾಗಿಲಲ್ಲೇ ನೆಲಕ್ಕೆ ಕೂತ. ಹೇಳಬೇಕೆಂದು ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ಮಾತೆಲ್ಲ ಮರೆತುಹೋದವು.

"ನೀನು ಆಫ್ ಮಾಡಿದ್ದೆ ಕಣಮ್ಮ" ಅಂದ. "ಅವತ್ತು ನೀನು ಸರಿಯಾಗೇ ಆಫ್ ಮಾಡಿದ್ದೆ. ತಪ್ಪು ನಂದು. ಅವನು ನನ್ನೇ ಕೇಳ್ದ, ನಾನು ಸುಳ್ಳು ಹೇಳ್ದೆ. ನಿಮ್ಮೆಲ್ಲರ ಮುಂದೇನೂ ಸುಳ್ಳು ಹೇಳ್ದೆ."

ಮೆಷಿನ್ ನಿಂತಿತು. ಅವಳು ಎದ್ದು ಗೋಡೆಯ ಹತ್ತಿರ ಹೋಗಿ, ಆ ಸ್ವಿಚ್ಚಿನ ಮೇಲೆ ಹೆಬ್ಬೆರಳಿಟ್ಟು ಬಹಳ ಹೊತ್ತು ನಿಂತಳು. ನಾಲ್ಕು ವರ್ಷ ಅವಳು ಏನಂದುಕೊಂಡು ಬದುಕಿದ್ದಳು ಅಂತ ಊಹಿಸಿಕೊಳ್ಳಿ. ಅತ್ತೆ ಸಾಯುವವರೆಗೂ ಅವಳ ಕೈಯ ನೀರು ಮುಟ್ಟಲಿಲ್ಲವಂತೆ. ಅವಳು ಅಳಲಿಲ್ಲ, ಬೈಯಲಿಲ್ಲ. ತಿರುಗಿ ಇಷ್ಟೇ ಅಂದಳು.

"ನಂಗಲ್ಲಣ್ಣ. ಹತ್ತು. ಅಲ್ಲಿ ನಿಂತು ನಿನ್ನ ಕೇಳಿದ್ದು ಅವರು, ಅವರಿಗೆ ಹೇಳು."

ಅವಳೇ ಹೋಗಿ ಫ್ಯೂಸು ಕಿತ್ತು ತಂದು ಅಂಗೈಯಲ್ಲಿ ಹಿಡಿದುಕೊಂಡಳು. ಹನುಮಂತರಾಜು ನೆರೆಮನೆಯ ಏಣಿ ತಂದು ಹತ್ತಿದ. ಎಷ್ಟೋ ದಿನದ ಮೇಲೆ ತಲೆಯೆತ್ತಿ ನೋಡಿದ. ಟೆಸ್ಟರ್ ಇಟ್ಟ... ಫ್ಯೂಸು ಅವಳ ಕೈಯಲ್ಲಿದೆ, ಟೆಸ್ಟರ್ ಉರಿಯುತ್ತಿದೆ. ಕೆಳಗೆ ನಿಂತ ಓಬಳಯ್ಯನವರೂ ಅದನ್ನು ಕಂಡರು. ಆಮೇಲೆ ದನಿ. ಈ ಸಲ ಅವನೊಬ್ಬನ ಕಿವಿಗಲ್ಲ, ಹಾಲಿನಲ್ಲಿದ್ದ ಮೂವರಿಗೂ ಕೇಳಿಸಿತು.

"ರಾಜಣ್ಣ, ಯಾವುದು?"

ಉಮಾಮಹೇಶ್ವರಿ ಸೆರಗನ್ನು ಬಾಯಿಗೆ ತುರುಕಿಕೊಂಡಳು.

ಹನುಮಂತರಾಜು ಅಂದು ಫೋನಿನಲ್ಲಿ ಹೇಳಬೇಕಾಗಿದ್ದ ಮಾತನ್ನು, ಪಕ್ಕದಲ್ಲಿ ನಿಂತವನಿಗೆ ಹೇಳುವ ಹಾಗೆ ಮೆಲ್ಲಗೆ ಹೇಳಿದ.

"ನಂಗೆ ಗೊತ್ತಿಲ್ಲ ಚನ್ನೇಶ. ನೆನಪಿಲ್ಲ. ಮುಟ್ಟಬೇಡ... ಇಳಿ. ನಾನು ಬಂದು ನೋಡ್ತೀನಿ, ಅಲ್ಲೀವರ್ಗೂ ಇಳಿದು ಕೂತ್ಕೊ."

ಆಮೇಲೆ ಮೂಲೆಯಲ್ಲಿದ್ದ ಕಬ್ಬಿಣದ ಸ್ಟೂಲು ಭಾರಕ್ಕೆ ಕಿರುಗುಟ್ಟಿತು. ಒಂದು ಕಾಲು, ಇನ್ನೊಂದು ಕಾಲು. ಬರಿಗಾಲು ನೆಲಕ್ಕೆ ತಾಗಿದ ಸಪ್ಪಳ ಎಲ್ಲರಿಗೂ ಕೇಳಿಸಿತು. ಟೆಸ್ಟರಿನ ಕಿಡಿ ಆರಿತು.

ಹನುಮಂತರಾಜು ಅಂದು ಸಂಜೆಯವರೆಗೆ ಆ ಹಾಲಿನ ವೈರನ್ನೆಲ್ಲ ಕಿತ್ತು ಹೊಸದಾಗಿ ಎಳೆದ. ಕೆಂಪು ಕೆಂಪಾಗಿಯೇ ಕಂಡಿತು. ಲೈಟು ಹಾಕಿದ ಮೇಲೆ ಉಮಾಮಹೇಶ್ವರಿ ಅದರ ಕೆಳಗೆ ಕೂತು ಸೂಜಿಗೆ ದಾರ ಪೋಣಿಸಿದಳು. ಹೋಗಿ ಬನ್ನಿ ಅಂತ ಅನ್ನಲಿಲ್ಲ, ಕಾಫಿ ಕೊಡಲಿಲ್ಲ. ಅವನೂ ಕಾಯಲಿಲ್ಲ.

ಇನ್ನು ಆರು ಮನೆ. ಅವನು ಒಂದೊಂದನ್ನೇ ನೆನಪು ಮಾಡಿಕೊಂಡು ಹೊರಟ. ಗುಬ್ಬಿಯಲ್ಲಿ ಎರಡು, ತುಮಕೂರಿನಲ್ಲಿ ಒಂದು, ಕುಣಿಗಲ್‌ನಲ್ಲಿ ಇನ್ನೊಂದು ಸಿಕ್ಕವು. ಬೇಡವೆಂದವರ ಕಾಲು ಹಿಡಿದು ಬಿಚ್ಚಿ ಸರಿ ಮಾಡಿದ. ಅಲ್ಲೆಲ್ಲ ಅದೇ ದನಿ ಕೇಳಿತಂತೆ, ಇಳಿ ಅಂದ ಮೇಲೆಯೇ ಟೆಸ್ಟರ್ ಆರಿತಂತೆ. ಉಳಿದ ಎರಡು ಎಲ್ಲಿ ಅಂತ ಎಷ್ಟು ತಲೆ ಕೆಡಿಸಿಕೊಂಡರೂ ಹೊಳೆಯಲಿಲ್ಲ. ಹೊಳೆದದ್ದು ಹೋದ ವರ್ಷ ಒಂದು ಮುಂಜಾನೆ. ತೇಜಸ್ವಿನಿಯನ್ನು ಕೂಗಿ, ಜ್ಞಾಪಕ ಬಂತು ಕಣೇ, ಓಬಳಣ್ಣನ್ನ ಕರಿ ಅಂದವನು, ಅಷ್ಟರಲ್ಲೇ ಕುಸಿದ. ಲಕ್ವ. ಬಲಗೈ, ಬಲಗಾಲು, ಮಾತು, ಮೂರೂ ಹೋದವು. ಓಬಳಯ್ಯನವರು ಹೋಗಿ ಪಕ್ಕದಲ್ಲಿ ಕೂತರೆ, ಬಾಯಿ ಒದ್ದಾಡುತ್ತಿತ್ತು, ಎಡಗೈ ಸೂರನ್ನು ತೋರಿಸುತ್ತಿತ್ತು, ಊರ ಹೆಸರುಗಳನ್ನು ಒಂದೊಂದಾಗಿ ಹೇಳಿದರೆ ಕಣ್ಣಿಂದ ನೀರು ಸುರಿಯುತ್ತಿತ್ತು. ಹನ್ನೊಂದು ದಿನ ಹಾಗೇ ಒದ್ದಾಡಿ ಹೋದ.

ಅಂಗಡಿಯ ಹೊರಗೆ ಮಳೆ ಒಂದೇ ಸಮ ಹೊಯ್ಯುತ್ತಿತ್ತು. ಉಳಿದ ಎರಡು ಮನೆ ಏನಾದವು ಅಂತ ಕಾವ್ಯ ಕೇಳಿದಳು.

"ಅದಕ್ಕೇ ಕಣವ್ವ ಈ ವಯಸ್ನಲ್ಲೂ ಕರೆದೋರ ಮನೆಗೆಲ್ಲ ಹೋಗ್ತೀನಿ. ಏಣಿ ಹತ್ತೋಕೆ ಮುಂಚೆ ಜೋರಾಗಿ ಒಂದ್ ಮಾತು ಹೇಳ್ತೀನಿ. ಚನ್ನೇಶಪ್ಪ, ನಾನು ಬಂದೆ, ಇಳಿ ಅಂತ. ಮನೆಯೋರು ಮುದುಕಂಗೆ ತಲೆ ಕೆಟ್ಟೈತೆ ಅಂತ ನಗ್ತಾರೆ. ನಗ್ಲಿ. ಎಲ್ಲಾ ಕಡೆ ಏನೂ ಆಗಲ್ಲ. ಹೋದ ತಿಂಗಳು ಕುಣಿಗಲ್ ರಸ್ತೇಲಿ ಒಂದು ಮನೆ... ಅಲ್ಲಿ ಹೇಳ್ದೆ. ಹೇಳಿ ಬಾಯಿ ಮುಚ್ಚಿಲ್ಲ, ಖಾಲಿ ಹಾಲಲ್ಲಿ, ನಡುಮಧ್ಯೆ, ಯಾರೋ ಸ್ಟೂಲಿಂದ ಇಳುದ್ರು. ಅಲ್ಲಿ ಸ್ಟೂಲೇ ಇರ್ಲಿಲ್ಲ. ಹತ್ತಿ ಬಿಚ್ಚಿ ನೋಡ್ತೀನಿ, ಮೂರೂ ಕಪ್ಪು. ಸ್ವಿಚ್ಚು ಆಫ್ ಆಗೈತೆ, ಕರೆಂಟು ಮೇಲೇ ಕೂತೈತೆ."

ಅವರು ಕುರ್ಚಿಯಿಂದ ಮುಂದಕ್ಕೆ ಬಾಗಿ, ಅವಳ ತೊಡೆಯ ಮೇಲಿದ್ದ ಡಬ್ಬಿಯನ್ನು ಒಮ್ಮೆ ನೋಡಿದರು.

"ಅಲ್ಲಿಗೆ ಒಂದು ಸಿಕ್ತು. ಇನ್ನೊಂದು ಮನೇಲಿ ಅವನು ಇವತ್ತೂ ಸ್ಟೂಲ್ ಮೇಲೆ ನಿಂತವ್ನೆ... ಇಳಿ ಅನ್ನೋರಿಲ್ದೆ."